ಮೇಜಿನ ಕಾಲು ಮುಟ್ಟಿ ನೋಡಿ

ಈ ವಾರ ಎಳೆದರೆ ಉದ್ದವಾಗುವ ಊಟದ ಮೇಜಿನ ಬಗ್ಗೆ ಬರೆಯುತ್ತೇನೆಂದು ಹೇಳಿದ್ದೆ. ಇಂಗ್ಲೆಂಡಿನ ರಿಚರ್ಡ್ ಗಿಲ್ಲೋ 1800ರಲ್ಲಿ ಪೇಟೆಂಟ್ ಪಡೆದ ಆ ಉಪಾಯ ಸೊಗಸಾದದ್ದೇ. ಆದರೆ ಹಳೆ ಮೇಜು ಕೊಳ್ಳಹೊರಟ ಓದುಗರೊಬ್ಬರ ಪ್ರಶ್ನೆ ಬಂದಿದೆ: ‘ಕೆತ್ತನೆ ಕಾಲಿನ ಮೇಜು, ಚಿಪ್ಪೆಂಡೇಲ್ ಅಂತಾರೆ. ನಂಬಬಹುದೇ ಸಾರ್?’ ಗಿಲ್ಲೋ ಇನ್ನೊಂದು ವಾರ ಕಾಯಲಿ.

ಉಗುರುಗಳು ಗುಂಡು ಹಿಡಿದಂಥ ಪಾದ ಕಂಡರೆ ಸಾಕು, ವ್ಯಾಪಾರಿಗಳು ಚಿಪ್ಪೆಂಡೇಲ್ ಹೆಸರಿನಲ್ಲಿ ಬೆಲೆ ಏರಿಸುತ್ತಾರೆ. ಇಂಗ್ಲೆಂಡಿನ ಪೀಠೋಪಕರಣ ಕುಶಲಿಗ ಥಾಮಸ್ ಚಿಪ್ಪೆಂಡೇಲ್ 1754ರಲ್ಲಿ ಹೊರತಂದ ‘ಡೈರೆಕ್ಟರ್’ ಎಂಬ ನಮೂನೆಗಳ ಪುಸ್ತಕವನ್ನು ಹಾಳೆ ಹಾಳೆ ತಿರುವಿದರೂ ಆ ಪಾದ ಸಿಗುವುದಿಲ್ಲ. ಅದು ಅವನಿಗಿಂತ ಮೊದಲೇ ಇಂಗ್ಲೆಂಡಿನಲ್ಲಿ ಬಳಕೆಯಲ್ಲಿತ್ತು.

ಹೆಸರು ಬಿಡಿ, ಕಾಲು ಮುಟ್ಟಿ ನೋಡಿ. ಬಾಗಿದ ಕಾಲಿನ ಮಂಡಿಯ ಮೇಲೆ ಎಲೆ ಕೆತ್ತಬೇಕಿದ್ದರೆ ಹಿಂದಿನ ಕುಶಲಿಗ ಕಾಲನ್ನು ರೂಪಿಸುವಾಗಲೇ ಅಲ್ಲಿ ಮರವನ್ನು ಹೆಚ್ಚಾಗಿ ಉಳಿಸಿಕೊಳ್ಳುತ್ತಿದ್ದ. ಅಂಥ ಎಲೆ ಕಾಲಿನ ಮೈಯಿಂದ ಮೇಲೆದ್ದಿರುತ್ತದೆ. ಬೋಳು ಕಾಲಿಗೆ ಎಷ್ಟೋ ಕಾಲದ ಮೇಲೆ ಕೆತ್ತಿದರೆ ಆ ಮರ ಎಲ್ಲಿಂದ ಬರಬೇಕು? ಎಲೆ ಒಳಕ್ಕೆ ಇಳಿದಿರುತ್ತದೆ. ಕಣ್ಣು ಮೋಸಹೋದರೂ ಬೆರಳು ಹೋಗದು. ಮೇಜಿನಡಿಯಲ್ಲೂ ಕೈಯಾಡಿಸಿ, ಕೈಯಿಂದ ಹತ್ತರಿ ಹೊಡೆದ ಹಲಗೆಯಲ್ಲಿ ಸಣ್ಣ ಅಲೆಗಳು ಸಿಗುತ್ತವೆ. ಗುಂಡು ಮೇಜಾದರೆ ಟೇಪು ಹಿಡಿಯಿರಿ. ಮರ ನಾರಿನ ಉದ್ದಕ್ಕಿಂತ ಅಡ್ಡಕ್ಕೆ ಹೆಚ್ಚು ಕುಗ್ಗುವುದರಿಂದ ಹಳೆಯದು ಪೂರ್ತಿ ಗುಂಡಾಗಿ ಉಳಿದಿರುವುದಿಲ್ಲ.

ಇಷ್ಟೆಲ್ಲ ಸಾಕ್ಷಿಯನ್ನು ಒಂದೇ ಮಧ್ಯಾಹ್ನದಲ್ಲಿ ಅಳಿಸುವವರು ‘ಹೊಸದರಂತೆ ಮಾಡಿಕೊಡುತ್ತೇವೆ’ ಎಂದು ಉಜ್ಜುವ ಯಂತ್ರ ಹಿಡಿದು ಬರುವವರು. ಅವರ ಮೇಲೆ ನನ್ನ ಸಿಟ್ಟು ಹಳೆಯದು. ಎಲೆಯ ಅಂಚು ಮೊಂಡಾಗುತ್ತದೆ, ಉಳಿಯ ಗುರುತು ಮಾಯವಾಗುತ್ತದೆ, ಶತಮಾನದ ಬಣ್ಣ ಪುಡಿಯಾಗಿ ಕಸದ ಬುಟ್ಟಿ ಸೇರುತ್ತದೆ. ಮೇಲೆ ಬಳಿಯುವ ಪಿಯು (ಪಾಲಿಯುರೆಥೇನ್) ಲೇಪ ಹಾಳಾದರೆ ಮತ್ತೆ ಪೂರ್ತಿ ಕೆರೆಯಬೇಕು. ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ, ಬಟ್ಟೆಯುಂಡೆಯಿಂದ ಪದರ ಪದರವಾಗಿ ಹಚ್ಚುವ ಫ್ರೆಂಚ್ ಪಾಲಿಷ್ ಹಾಗಲ್ಲ. ಗೀರು ಬಿದ್ದಷ್ಟು ಜಾಗವನ್ನೇ ಸ್ಪಿರಿಟ್ಟಿನಿಂದ ಕರಗಿಸಿ ಸರಿಮಾಡಬಹುದು. ಬಿಸಿ ಪಾತ್ರೆಗೆ ಅದರ ಮೇಲೆ ಬಿಳಿ ಕಲೆ ಬೀಳುತ್ತದೆ, ನಿಜ. ಪಾತ್ರೆಯ ಕೆಳಗೆ ಚಾಪೆ ಹಾಸಿದರಾಯಿತು.

ಆ ಓದುಗರಿಗೆ ನನ್ನ ಉತ್ತರ: ಎಲೆ ಮೇಲೆದ್ದಿದ್ದು, ಅಡಿಯಲ್ಲಿ ಅಲೆ ಸಿಕ್ಕರೆ ಧೈರ್ಯವಾಗಿ ಚೌಕಾಸಿಗಿಳಿಯಿರಿ. ಚಿಪ್ಪೆಂಡೇಲ್ ಹೆಸರಿಗೆಂದು ಒಂದು ರೂಪಾಯಿಯನ್ನೂ ಹೆಚ್ಚು ಕೊಡಬೇಡಿ. ಕೊಂಡ ಮೇಲೆ ಉಜ್ಜುವ ಯಂತ್ರವನ್ನು ಹೊಸಿಲು ದಾಟಿಸಬೇಡಿ.