ಗ್ರೀಕರ ದೈವವೂ ನಮ್ಮ ಅಶ್ವತ್ಥಾಮನೂ

ಗ್ರೀಕರ ಪುರಾಣಗಳಲ್ಲಿ ದೇವತೆಗಳು ಅಮರರು, ಮನುಷ್ಯರು ಮರ್ತ್ಯರು. ನಡುವಣ ಗೆರೆಯನ್ನು ದಾಟಲೆಳಸಿದವನಿಗೆ ಕೇಡು ತಪ್ಪದು. ಶಾಲೆಯಲ್ಲಿ ಪಾಠ ಹೇಳುತ್ತಿದ್ದ ಕಾಲದಲ್ಲಿ ನಾನು, ಅವರ ದೇವತೆಗಳು ಮತ್ಸರಿಗಳು, ನಮ್ಮ ಶಿವನಾದರೋ ಭಕ್ತವತ್ಸಲನೆಂದು ಎರಡೇ ಮಾತಿನಲ್ಲಿ ಮುಗಿಸುತ್ತಿದ್ದೆ. ನಿವೃತ್ತನಾಗಿ ಶೆಟ್ಟಿಹಳ್ಳಿಯಲ್ಲಿ ನೆಲೆಸಿದ ಮೇಲೆ, ಬಿ. ಎಂ. ಶ್ರೀಕಂಠಯ್ಯನವರ 'ಅಶ್ವತ್ಥಾಮನ್' (1929) ನಾಟಕವನ್ನು ಅದಕ್ಕೆ ಮೂಲವಾದ ಸೋಫೋಕ್ಲೀಸನ 'ಏಜಾಕ್ಸ್' ನಾಟಕದೊಡನೆ ಇಟ್ಟು ಓದಿದಾಗ, ಆ ತೀರ್ಪು ಅವಸರದ್ದೆಂದು ತೋರಿತು.

ಅಕಿಲೀಸನ ಆಯುಧಗಳು ಒಡಿಸ್ಯೂಸನ ಪಾಲಾದುದಕ್ಕೆ ಕೆರಳಿದ ಏಜಾಕ್ಸನು ಇರುಳಿನಲ್ಲಿ ಸೇನಾನಾಯಕರನ್ನು ಕೊಲ್ಲಹೊರಡುತ್ತಾನೆ. ಅಥೀನಾ ದೇವಿ ಅವನಿಗೆ ಬುದ್ಧಿಭ್ರಮೆ ಕವಿಸುತ್ತಾಳೆ. ಅವನು ಶತ್ರುಗಳೆಂದೇ ಬಗೆದು ದನಕುರಿಗಳನ್ನು ಕಡಿಯುತ್ತಾನೆ. ಹಿಂದೊಮ್ಮೆ ರಣದಲ್ಲಿ ದೇವಿಯ ನೆರವು ತನಗೆ ಬೇಡವೆಂದ ಗರ್ವದ ಫಲವಿದು. ವೈರಿಯ ದುರವಸ್ಥೆಯನ್ನು ಕಂಡು ನಗೆಂದು ಅವಳು ಒಡಿಸ್ಯೂಸನನ್ನು ಕರೆದರೆ, ಅವನು ನಗುವುದಿಲ್ಲ. ಮನುಷ್ಯಮಾತ್ರರ ಬಾಳೆಲ್ಲ ಇಷ್ಟೇ, ತನ್ನದೂ ಬೇರೆಯಲ್ಲವೆಂದು ಮರುಗುತ್ತಾನೆ. ದೇವಿಗಿಲ್ಲದ ಕರುಣೆ ಮರ್ತ್ಯನಲ್ಲಿದೆ.

'ಶ್ರೀ'ಯವರು ಚಿರಂಜೀವಿಯನ್ನೇ ಸಾಯಿಸಿದರೆಂಬ ಆಕ್ಷೇಪ ಹಳೆಯದು. ನನ್ನ ತೊಡಕು ಬೇರೆ. ವ್ಯಾಸಭಾರತದ ಸೌಪ್ತಿಕಪರ್ವದಲ್ಲಿ ಶಿವನು ಅಶ್ವತ್ಥಾಮನಿಗೆ ಖಡ್ಗವನ್ನಿತ್ತು ಅವನ ದೇಹವನ್ನೇ ಹೊಗುತ್ತಾನೆ. ಆ ಬಲದಿಂದ ಅವನು ಮಲಗಿದ್ದವರನ್ನು ಕೊಲ್ಲುತ್ತಾನೆ. ಕಠಿಣಳಾದ ಅಥೀನೆ ಮನುಷ್ಯರ ಕೊಲೆಯನ್ನು ತಪ್ಪಿಸಿದಳು; ಇಲ್ಲಿ ದೈವದ ಬಲವೇ ಕೊಲೆಗೆ ಸಂದಿತು. ಪಾಂಚಾಲರ ಕಾಲ ಮುಗಿದಿತ್ತೆಂದು ಭಾರತವು ಸಮಾಧಾನ ಹೇಳುತ್ತದೆ; ಭಕ್ತನ ಮನಸ್ಸಿಗೆ ಅದು ಸಾಲದು. ತಕ್ಕಡಿ ನಾವು ಬಯಸಿದತ್ತಲೇ ವಾಲುವುದಿಲ್ಲ.

ಹಾಗಾದರೆ ಅಂತರವೆಲ್ಲಿ? ಹರಿಹರನ ರಗಳೆಗಳನ್ನು ನೋಡಬೇಕು. ನಂಬಿಯಣ್ಣನಿಗಾಗಿ ಶಿವನು ಮುನಿದ ಪರವೆಯ ಮನೆಗೆ ದೂತನಾಗಿ ನಡೆಯುತ್ತಾನೆ. ಕಣ್ಣಪ್ಪನು ಶಿವನಿಗಾಗಿ ತನ್ನ ಕಣ್ಣನ್ನೇ ಕೀಳುತ್ತಾನೆ. ಇಲ್ಲಿ ಗೆರೆ ದಾಟುವುದು ಅಪರಾಧವಲ್ಲ, ಅದೇ ಭಕ್ತಿ. ದಾಟಿ ಬರುವವನಾದರೂ ಮೊದಲು ದೇವನೇ. ಗ್ರೀಕರಿಗೆ ಈ ಸಲಿಗೆ ದೊರೆಯಲಿಲ್ಲ. ಆದರೆ ದೈವವು ದೂರವಿದ್ದುದರಿಂದಲೇ ಅವರ ಕವಿ ಮನುಷ್ಯನಿಗೆ ಮನುಷ್ಯನನ್ನು ಆಸರೆಯಾಗಿಸಿದನು. ನಾಟಕದ ಕೊನೆಯಲ್ಲಿ, ತನ್ನನ್ನು ಕೊಲ್ಲಬಂದವನ ಹೆಣಕ್ಕೆ ಸಂಸ್ಕಾರ ಸಲ್ಲಬೇಕೆಂದು ವಾದಿಸುವವನು ಆ ಒಡಿಸ್ಯೂಸನೇ.

ದಯೆಯಿಲ್ಲದ ಧರ್ಮವನ್ನು ಒಪ್ಪದ ಬಸವಣ್ಣನವರನ್ನು ಓದಿದವರಿಗೆ ಅವನು ಪರಕೀಯನಾಗಲಾರನು. ಅವನ ದೇವತೆಗಳನ್ನು ನಾವು ಒಪ್ಪಬೇಕಿಲ್ಲ. ಅವನ ಮರುಕವನ್ನು ಒಪ್ಪದಿದ್ದರೆ ನಷ್ಟ ನಮ್ಮದೇ.