ನಾಗಾವಿಯ ಶಾಸನಗಳೂ ಗ್ರಂಥಸ್ವಾಮ್ಯವೂ

ಚಿತ್ತಾಪುರದ ಬಳಿಯ ನಾಗಾವಿಯ ಘಟಿಕಾಸ್ಥಾನದಲ್ಲಿ ಉಪಾಧ್ಯಾಯರಿಗಲ್ಲದೆ ಸರಸ್ವತೀಭಂಡಾರವನ್ನು ಕಾಯುವವರಿಗೂ ವೃತ್ತಿಯನ್ನು ಬಿಟ್ಟಿದ್ದುದು 1058ರ ಶಾಸನದಿಂದ ವಿದಿತವಾಗುತ್ತದೆ. ಅಲ್ಲಿಯ ಶಾಸನಗಳನ್ನು ಹೈದರಾಬಾದು ಸಂಸ್ಥಾನವು 1928ರಲ್ಲಿ ತನ್ನ ಪುರಾತತ್ತ್ವ ಗ್ರಂಥಮಾಲೆಯ 8ನೆಯ ಗ್ರಂಥವಾಗಿ ಅಚ್ಚುಹಾಕಿಸಿತು. ಸನ್ನತಿಯ ಮಗ್ಗುಲಿನ ಕನಗನಹಳ್ಳಿಯ ಉತ್ಖನನದ ವರದಿಯು ಕೇಂದ್ರ ಪುರಾತತ್ತ್ವ ಇಲಾಖೆಯಿಂದ 2011ರ ಮುದ್ರಣವರ್ಷವನ್ನು ಹೊತ್ತು ಬಂದಿದೆ. ಎರಡೂ ಇಂಗ್ಲಿಷಿನಲ್ಲಿವೆ. ಸೇಡಂ, ಶಹಾಬಾದ, ವಾಡಿ, ಚಿಂಚೋಳಿಗಳ ವಿದ್ಯಾರ್ಥಿಗಳಿಗಾಗಿ ಇವನ್ನು ಕನ್ನಡಿಸುವ ಅಧಿಕಾರ ಯಾರಿಗುಂಟೆಂಬುದನ್ನು ಇಲ್ಲಿ ವಿಚಾರಿಸುತ್ತೇವೆ.

ಶಾಸನದ ಮೂಲಪಾಠವು ಯಾರ ಸ್ವತ್ತೂ ಅಲ್ಲ. ಸಂಪಾದಕರ ಪೀಠಿಕೆ, ಅನುವಾದ, ಟಿಪ್ಪಣಿ, ಛಾಯಾಚಿತ್ರಗಳಿಗೆ ಮಾತ್ರ ಸ್ವಾಮ್ಯವುಂಟು. 1957ರ ಗ್ರಂಥಸ್ವಾಮ್ಯ ಕಾಯಿದೆಯಂತೆ ಸರಕಾರೀ ಕೃತಿಯ ಸ್ವಾಮ್ಯವು ಪ್ರಕಟಣೆಯ ಮರುವರ್ಷದಿಂದ 60 ವರ್ಷ ನಡೆಯುತ್ತದೆ. ಈ ಲೆಕ್ಕದಲ್ಲಿ ನಾಗಾವಿಯ ಗ್ರಂಥವು ಈಗಾಗಲೇ ಮುಕ್ತವಾಗಿದೆ. ಕನಗನಹಳ್ಳಿಯದು 2071ರ ಕೊನೆಯವರೆಗೆ ಮುಕ್ತವಲ್ಲ. ಭಾಷಾಂತರದ ಹಕ್ಕೂ ಸ್ವಾಮ್ಯದಲ್ಲಿಯೇ ಅಡಕವಾದುದರಿಂದ ಅದುವರೆಗೆ ಅನುಮತಿಯನ್ನು ಪಡೆದೇ ಕನ್ನಡಿಸಬೇಕು.

ಸಂಶೋಧನ ಪತ್ರಿಕೆಗಳನ್ನು ಬೆಲೆಯಿಲ್ಲದೆ ಅಂತರ್ಜಾಲದಲ್ಲಿಟ್ಟು ‘ಮುಕ್ತ’ವೆಂದು ಕರೆಯುವ ರೂಢಿ ಈಗ ಬಲವಾಗಿದೆ. ನಮ್ಮ ಆಕ್ಷೇಪವಿರುವುದು ಈ ಹೆಸರಿನ ಸಡಿಲ ಪ್ರಯೋಗದ ವಿಷಯದಲ್ಲಿ. ಓದಲು ತೆರೆದುದು ಬಳಸಲೂ ತೆರೆದುದೆಂದಾಗದು. ಪರವಾನಿಗೆಯ ಮಾತಿಲ್ಲದ ಲೇಖನವನ್ನು ಅಧ್ಯಾಪಕನು ಓದಬಹುದು, ವಿಮರ್ಶೆಗಾಗಿ ಮಿತವಾಗಿ ಉದ್ಧರಿಸಬಹುದು, ಕನ್ನಡಿಸಿ ಅಚ್ಚುಹಾಕಿಸಲಾರನು.

ಪರವಾನಿಗೆಯನ್ನು ಸಡಿಲಿಸಿದರೆ ವಿದ್ವಾಂಸರ ಶ್ರಮವು ಕಳವಾಗುವುದೆಂದು ಕೆಲವರು ಅಂಜುತ್ತಾರೆ. ಮೈಸೂರು ವಿಶ್ವವಿದ್ಯಾನಿಲಯವು 2014ರಲ್ಲಿ ಕನ್ನಡ ವಿಶ್ವಕೋಶದ ಕೆಲವು ಸಂಪುಟಗಳನ್ನು ಕ್ರಿಯೇಟಿವ್ ಕಾಮನ್ಸ್ ಪರವಾನಿಗೆಯಲ್ಲಿ ಬಿಟ್ಟುಕೊಟ್ಟಿತು. ಬಳಸುವವರು ಮೂಲವನ್ನು ಹೆಸರಿಸಬೇಕು, ಮಾರ್ಪಡಿಸಿದುದನ್ನು ಅದೇ ಕರಾರಿನಲ್ಲಿ ಪ್ರಕಟಿಸಬೇಕು ಎಂಬುದು ಅದರ ನಿಬಂಧನೆ. ಇಲ್ಲಿ ಕರ್ತೃವಿನ ಹೆಸರು ಅಳಿಯುವುದಿಲ್ಲ. ಕೃತಿಯ ಸಂಚಾರ ಮಾತ್ರ ಹೆಚ್ಚುತ್ತದೆ.

ಲೇಖಕರ ಹೊಣೆಯೂ ಇದೆ. ಸ್ವಾಮ್ಯದ ವರ್ಗಾವಣೆ ಲಿಖಿತವಾಗಿರಬೇಕು; ಪತ್ರದಲ್ಲಿ ಅವಧಿಯನ್ನು ಹೇಳದಿದ್ದರೆ ಅದು 5 ವರ್ಷಕ್ಕೆ ಮಾತ್ರವೆಂದು ಕಾಯಿದೆಯ 19ನೆಯ ಕಲಮು ಭಾವಿಸುತ್ತದೆ. ಓದದೆ ರುಜುಮಾಡುವವರು ತಮ್ಮ ಲೇಖನವನ್ನು ತಾವೇ ಕನ್ನಡಿಸುವ ಹಕ್ಕನ್ನೂ ಕಳೆದುಕೊಳ್ಳಬಹುದು.

ಆದುದರಿಂದ ವಿಶ್ವವಿದ್ಯಾನಿಲಯಗಳ ಪತ್ರಿಕೆಗಳು ಪ್ರತಿಯೊಂದು ಲೇಖನದ ಮೊದಲ ಪುಟದಲ್ಲಿಯೇ ಪರವಾನಿಗೆಯನ್ನು ಸ್ಪಷ್ಟವಾಗಿ ಮುದ್ರಿಸತಕ್ಕದ್ದು. ಸರಕಾರೀ ವರದಿಗಳಿಗೆ ಭಾಷಾಂತರದ ಅನುಮತಿಯನ್ನು ಪ್ರಕಟಣೆಯ ದಿನವೇ ಕೊಡತಕ್ಕದ್ದು. ಕನಗನಹಳ್ಳಿಯ ಚರಿತ್ರೆಯನ್ನು ಆ ಸೀಮೆಯ ವಿದ್ಯಾರ್ಥಿಯು ತನ್ನ ಭಾಷೆಯಲ್ಲಿ ಓದಲು 2071ರವರೆಗೆ ಕಾಯಬೇಕಾಗಿ ಬಂದರೆ, ಸಾರ್ವಜನಿಕರ ಹಣದಿಂದ ನಡೆದ ಉತ್ಖನನವು ಅರ್ಧದಲ್ಲಿಯೇ ನಿಂತಿತೆಂದು ನಾವು ಭಾವಿಸುತ್ತೇವೆ.