ಸೇಡಂ ರಸ್ತೆಯ ದೊಡ್ಡದರ ಊಟ

‘ಇವತ್ತ ದೊಡ್ಡದು ಅದ, ಬಾ.’ ಕಲಬುರಗಿಯ ಸೇಡಂ ರಸ್ತೆಯ ಬಾಡಿಗೆ ಕೋಣೆಗಳಲ್ಲಿ ಭಾನುವಾರದ ಕರೆ ಇಷ್ಟೇ. ದೊಡ್ಡದು ಎಂದರೆ ದನ, ಎಮ್ಮೆಯ ಮಾಂಸ. ವಿಶ್ವವಿದ್ಯಾಲಯ, ಇಎಸ್‌ಐಸಿ ಆಸ್ಪತ್ರೆ ಇರುವ ದಾರಿ ಇದು. ಚಿಂಚೋಳಿ, ಕಮಲಾಪುರ, ಬೀದರ್ ಕಡೆಯವರು ಓದಿಗೋ ನೌಕರಿಗೋ ಬಂದು ಇಲ್ಲಿ ನೆಲೆ ನಿಲ್ಲುತ್ತಾರೆ. ಮುಸ್ಲಿಂ, ದಲಿತ ಗೆಳೆಯರ ಮನೆಯ ಈ ಊಟಕ್ಕೆ ದೊಡ್ಡದನ್ನು ಎಂದೂ ಮುಟ್ಟದ ಮನೆತನದವರೂ ಬಂದು ಕೂಡುತ್ತಾರೆ. ಇದನ್ನು ಸಮಾನತೆಯ ಹಬ್ಬವೆಂದು ಕೊಂಡಾಡುವುದು ನಮ್ಮ ಪ್ರಗತಿಪರರ ರೂಢಿ. ನನಗೆ ಅಷ್ಟು ಬೇಗ ಕೊಂಡಾಡುವ ಮನಸ್ಸಿಲ್ಲ.

ಮೊದಲು ಅಡುಗೆಯ ಮಾತು. ಪಾತ್ರೆಗೆ ಏನು ಬೀಳಬೇಕೆಂಬುದನ್ನು ಇಲ್ಲಿ ಕಾನೂನೇ ನಿರ್ಧರಿಸುತ್ತದೆ. ರಾಜ್ಯದ 1964ರ ಗೋಹತ್ಯೆ ನಿಷೇಧ ಕಾಯ್ದೆಯಡಿ 12 ವರ್ಷ ದಾಟಿದ ಎತ್ತು, ಎಮ್ಮೆ, ಕೋಣಗಳನ್ನು ಪ್ರಮಾಣಪತ್ರ ಪಡೆದು ಕಡಿಯಬಹುದಿತ್ತು. 2021ರ ಜನವರಿಯಲ್ಲಿ ಕಟ್ಟಳೆ ಬಿಗಿಯಾಯಿತು. 13 ವರ್ಷ ಮೀರಿದ ಎಮ್ಮೆ, ಕೋಣಕ್ಕಷ್ಟೇ ಅವಕಾಶ. ತಪ್ಪಿದರೆ 3ರಿಂದ 7 ವರ್ಷ ಜೈಲು. ಅಂದಮೇಲೆ ಕಾನೂನಿನ ಪ್ರಕಾರ ಪಾತ್ರೆಗೆ ಬೀಳುವುದು ಮುದಿ ಪ್ರಾಣಿಯ ಗಟ್ಟಿ ಖಂಡ. ಅದಕ್ಕೆ ಅವಸರ ಆಗಿಬರುವುದಿಲ್ಲ. ಸಣ್ಣ ಉರಿಯಲ್ಲಿ ತಾಸುಗಟ್ಟಲೆ ಬೆಂದು ನಾರೆಲ್ಲ ಕರಗಿದಾಗಲೇ ರಸ ಮಂದವಾಗಿ ತುಟಿಗೆ ಅಂಟುತ್ತದೆ. ಪುಂಡಿಸೊಪ್ಪು ಹಾಕಿ ಬೇಯಿಸುವ ದಖನಿ ಮನೆಗಳ ಅಂಬಾಡಾ ಗೋಶ್ತ್ ಈ ಖಂಡಕ್ಕೆ ಹೇಳಿ ಮಾಡಿಸಿದ್ದು: ಹುಳಿ ಕೊಬ್ಬಿನ ಜಿಡ್ಡನ್ನು ಮುರಿಯುತ್ತದೆ, ಬಿಸಿ ಜೋಳದ ರೊಟ್ಟಿ ಎರಡನ್ನೂ ಹೀರಿಕೊಳ್ಳುತ್ತದೆ. ಅಕ್ಕಿಯೊಂದಿಗೆ ಖಂಡ ಬೇಯಿಸುವ, ಊರಿಗೇ ಹೆಸರು ತಂದ ತಹರಿಯೂ ಚಲೋ. ಆದರೆ ಹೊಸಬರು ಬರುತ್ತಾರೆಂದರೆ ಸಾಕು, ಅಡುಗೆಯವರಿಗೆ ಅಂಜಿಕೆ ಹುಟ್ಟುತ್ತದೆ. ವಾಸನೆ ಬರಬಾರದೆಂದು ಗರಂ ಮಸಾಲೆ ಸುರಿಯುತ್ತಾರೆ, ಪುದೀನ ಹೇರುತ್ತಾರೆ. ಉಂಡವನು ‘ಮಟನ್ ಇದ್ದಂಗೇ ಅದಲ್ಲ!’ ಎಂದು ಮೆಚ್ಚುತ್ತಾನೆ. ಆ ಅಡುಗೆ ಸೋತದ್ದಕ್ಕೆ ಬೇರೆ ಸಾಕ್ಷಿ ಬೇಡ.

ಈ ಅಂಜಿಕೆ ಬರಹದಲ್ಲೂ ಇತ್ತು. ಅದನ್ನು ಮೀರಿ ನೆರೆಯ ಮರಾಠವಾಡದ ಲೇಖಕ ಶಾಹು ಪಟೋಳೆ 2015ರಲ್ಲಿ ಮರಾಠಿಯಲ್ಲಿ ‘ಅನ್ನ ಹೇ ಅಪೂರ್ಣ ಬ್ರಹ್ಮ’ ಬರೆದು ಮಹಾರ್, ಮಾಂಗ್ ದಲಿತ ಮನೆಗಳ ಒಲೆಯನ್ನು ಇದ್ದ ಹಾಗೆಯೇ ದಾಖಲಿಸಿದರು. ಮರಾಠವಾಡದಂತೆಯೇ ನಿಜಾಮನ ಆಡಳಿತದಲ್ಲಿದ್ದ ಕಲಬುರಗಿ ಸೀಮೆಗೆ ಕನ್ನಡದಲ್ಲಿ ಅಂಥ ಪುಸ್ತಕವೊಂದು ಬೇಕು.

ಬಹಿರಂಗದ ಊಟಗಳ ಕಥೆ ಬೇರೆ. 2012ರ ಏಪ್ರಿಲ್‌ನಲ್ಲಿ ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೀಫ್ ಉತ್ಸವ ಹೊಡೆದಾಟದಲ್ಲಿ ಮುಗಿಯಿತು. ಇದೇ ಸೇಡಂ ರಸ್ತೆಯ ವಿಶ್ವವಿದ್ಯಾಲಯದ ಅಂಗಳದಲ್ಲಿ 2020ರ ಫೆಬ್ರುವರಿಯಲ್ಲಿ 85ನೇ ಕನ್ನಡ ಸಾಹಿತ್ಯ ಸಮ್ಮೇಳನ ನಡೆದಾಗ ಎಲೆಯ ಮೇಲೆ ಸಸ್ಯಾಹಾರವೇ ಇತ್ತು. ಬಾಡೂಟದ ಜಗಳ ಎದ್ದದ್ದು 2024ರ ಡಿಸೆಂಬರ್‌ನಲ್ಲಿ, ಮಂಡ್ಯದ ಸಮ್ಮೇಳನದ ಹೊತ್ತಿನಲ್ಲಿ. ಅಲ್ಲಿಯೂ ಮಾತು ಕೋಳಿ, ಮೊಟ್ಟೆಯ ಆಸುಪಾಸಿನಲ್ಲೇ ಸುಳಿದಾಡಿತು. ದೊಡ್ಡದರ ಹತ್ತಿರ ಸುಳಿಯಲಿಲ್ಲ. ಪ್ರತಿಭಟನೆಯ ಊಟಕ್ಕೆ ಅದರದೇ ಕೆಲಸವಿದೆ, ಅಲ್ಲಗಳೆಯುವುದಿಲ್ಲ. ಆದರೆ ಅಲ್ಲಿ ಎಲ್ಲರ ಕಣ್ಣು ಕ್ಯಾಮೆರಾದ ಮೇಲೆ. ಉಪ್ಪು ಹೆಚ್ಚಾಗಿದೆ ಎನ್ನುವ ಸಲಿಗೆ ಯಾರಿಗೂ ಇಲ್ಲ. ಮನೆಯ ಊಟದಲ್ಲಿ ಆ ಸಲಿಗೆ ಇದೆ. ಅದೇ ಅದರ ದೊಡ್ಡ ಗುಣ.

ದೋಷವೂ ಅಲ್ಲೇ ಇದೆ. ಅಪಾಯವೆಲ್ಲ ಕರೆದವನ ತಲೆಯ ಮೇಲೆ. ಅಂಗಡಿಯಿಂದ ಕಪ್ಪು ಚೀಲದಲ್ಲಿ ತರುವವನು ಅವನು, ಮನೆ ಮಾಲೀಕರು ‘ಖಾಲಿ ಮಾಡ್ರಿ’ ಎಂದರೆ ಗಂಟುಮೂಟೆ ಕಟ್ಟುವವನೂ ಅವನೇ. ಸಂಸಾರಸ್ಥರ ಮನೆಯಾದರೆ ಬೆಳಗಿನಿಂದ ಒಲೆ ಮುಂದೆ ಬೆವರಿದಾಕೆ ಪಂಕ್ತಿಯಲ್ಲಿ ಕಾಣುವುದೇ ಇಲ್ಲ; ಜಾತಿ ಮೀರಿದೆವೆಂದು ಬೀಗುವವರಿಗೆ ಇದು ಹೊಳೆಯುವುದೂ ಇಲ್ಲ. ಉಂಡ ಗೆಳೆಯನೋ ಕೈಗೆ ಎರಡು ಸಲ ಸಾಬೂನು ಹಚ್ಚಿ ತೊಳೆದು, ಸೋಂಪು ಅಗಿಯುತ್ತ ತನ್ನ ಮನೆ ಸೇರುತ್ತಾನೆ. ಆ ಮನೆಯ ಅಡುಗೆಕೋಣೆಗೆ, ಹೋಗಲಿ, ಹಬ್ಬದ ಹೋಳಿಗೆಗಾದರೂ ಕರೆದವನಿಗೆ ಎಷ್ಟು ಸಲ ಆಹ್ವಾನ ಬಂದಿದೆ? ಒಬ್ಬನ ಬಾಗಿಲು ಮಾತ್ರ ತೆರೆದಿರುವ ಗೆಳೆತನವನ್ನು ನಾನು ಸಹಭೋಜನ ಎನ್ನಲಾರೆ.

ಹಾಗೆಂದು ಈ ಊಟ ನಿಲ್ಲಬಾರದು, ರುಚಿಯ ದೃಷ್ಟಿಯಿಂದಂತೂ ಖಂಡಿತ ಬೇಡ. ಕರೆಯುವವರು ಮಸಾಲೆ ಕಡಿಮೆ ಮಾಡಿ, ಪುಂಡಿ ಹೆಚ್ಚು ಹಾಕಲಿ. ಉಂಡವರು ಮುಂದಿನ ಭಾನುವಾರ ಅವರನ್ನು ತಮ್ಮ ಮನೆಗೆ ಕರೆಯಲಿ. ಬೇಳೆಸಾರು, ಬದನೆಕಾಯಿ ಪಲ್ಯವಾದರೂ ಸೈ, ಅವ್ವ ಅಪ್ಪನ ಎದುರಿಗೇ ಕೂಡಿಸಿ ಬಡಿಸಲಿ.